ಕುಪೆಯ ಐದು ಬೆಲ್ಟುಗಳು

ಅತಿಲಿಯೊ ಪೆರೆತ್ತಿ ಬೆಳಗ್ಗೆ ಎದ್ದು ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಕಾರಿನ ಅಡಿಯ ರಟ್ಟು ನೋಡುತ್ತಿದ್ದ. ಮನೆಗೆ ತಾಗಿದ ಶೆಡ್ಡಿನಲ್ಲಿ ಅವನ ಹಸಿರು ಕುಪೆ ನಿಂತಿರುತ್ತಿತ್ತು. ಎರಡು ಬಾಗಿಲಿನ, ಮೋಟು ಬಾಲದ, ನಲವತ್ತೇಳು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ಅಂಥದ್ದನ್ನು ಅವನ ಊರು ಆಲ್ತಾ ಗ್ರಾಸಿಯಾದಲ್ಲಿ ಯಾರೂ ಕಾರು ಅನ್ನುವುದಿಲ್ಲ, ಕುಪೆ ಅನ್ನುತ್ತಾರೆ, ಮನೆಮಗಳನ್ನು ಕರೆದ ಹಾಗೆ. ಅದರ ಎಂಜಿನ್ನಿನ ಅಡಿಗೆ ಒಂದು ರಟ್ಟು ಹಾಸಿತ್ತು. ರಾತ್ರಿ ಕಳೆಯುವುದರೊಳಗೆ ಅದರ ಮೇಲೆ ಮೂರು ಹನಿ ಆಯಿಲ್ ಸೋರಿದ್ದರೆ ಅತಿಲಿಯೊ ಸಿಳ್ಳೆ ಹಾಕುತ್ತ ಮಾಟೆ ಚಹಾ ಕುಡಿಯಲು ಬರುತ್ತಿದ್ದ. ಎರಡೇ ಬಿದ್ದಿದ್ದರೆ ಮುಖ ಸಣ್ಣದಾಗುತ್ತಿತ್ತು. ಒಂದೂ ಬೀಳದ ದಿನ ಅವನನ್ನು ಮಾತಾಡಿಸಿದವರ ಗತಿ ದೇವರಿಗೇ ಪ್ರೀತಿ.

ಎರಡು ಸಾವಿರದ ಎಂಟರಲ್ಲಿ ಅವನು ಮೊದಲ ಸಲ 'ಎರಡು ಕಣಿವೆ' ಪಂದ್ಯ ಗೆದ್ದ ಬೆಳಗ್ಗೆ ರಟ್ಟಿನ ಮೇಲೆ ಮೂರು ಹನಿ ಇದ್ದವಂತೆ. ಅಷ್ಟೇ ಸಾಕಾಯಿತು. ಗೆದ್ದವನು ಏನನ್ನೂ ಬದಲಾಯಿಸಬಾರದು ಅನ್ನುವುದು ಆ ಸೀಮೆಯ ಗಂಡಸರ ಶಾಸ್ತ್ರ, ಅವರು ಅದನ್ನು ಕಾಬಲ ಅನ್ನುತ್ತಾರೆ. ತಂಡ ಗೋಲು ಹೊಡೆದಾಗ ಬಚ್ಚಲಲ್ಲಿದ್ದವನನ್ನು ಪಂದ್ಯ ಮುಗಿಯುವವರೆಗೂ ಬಚ್ಚಲಲ್ಲೇ ಕೂಡಿಹಾಕುವ ಜನ. ಅತಿಲಿಯೊ ಆ ಶಾಸ್ತ್ರವನ್ನು ಎಂಜಿನ್ನಿನವರೆಗೂ ಒಯ್ದ. ಅಂದು ತೊಟ್ಟ ಅಂಗಿ, ಹೆಬ್ಬೆರಳಿನ ಕಡೆ ತೂತಾದ ಕಾಲುಚೀಲ, ಆ ರಟ್ಟು, ಆ ಸೋರಿಕೆ, ಎಂಜಿನ್ನಿನೊಳಗಿನ ಆ ಟೈಮಿಂಗ್ ಬೆಲ್ಟು, ಯಾವುದನ್ನೂ ಯಾರೂ ಮುಟ್ಟುವಂತಿರಲಿಲ್ಲ. ಬೆಲ್ಟು ರಬ್ಬರಿನದು, ಅದಕ್ಕೂ ವಯಸ್ಸಾಗುತ್ತದೆ ಅಂದರೆ, "ಗೆದ್ದ ಬೆಲ್ಟು ಕಣ್ರೀ ಅದು. ಬಿಚ್ಚಿದ ಕೈಗೆ ಹುಳ ಬೀಳುತ್ತೆ" ಅನ್ನುತ್ತಿದ್ದ.

ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಅಂತ ಅವನಿಗೆ ಹೇಳುವವರು ಯಾರು? ಹೇಳಬಲ್ಲವಳು ಒಬ್ಬಳಿದ್ದಳು, ಅವನ ಹೆಂಡತಿ ನಿಲ್ದಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳು. ಆದರೆ ಮನೆಯಲ್ಲಿ ಲೆಕ್ಕದ ಮಾತು ಯಾರಿಗೆ ಬೇಕು!

ಪಂದ್ಯಕ್ಕೆ ಮಾತ್ರ ಅವಳ ಲೆಕ್ಕ ಬೇಕಾಗಿತ್ತು. 'ಎರಡು ಕಣಿವೆ' ವೇಗದ ಪಂದ್ಯವಲ್ಲ, ಕರಾರುವಾಕ್ಕಿನ ಪಂದ್ಯ. ಹಳೆಯ ಸ್ಪೋರ್ಟ್ಸ್ ಕಾರುಗಳು ಬೆಟ್ಟ ಹತ್ತಿ ಇಳಿಯುತ್ತ, ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಕೊಳವೆಗಳ ಮೇಲೆ ಗೊತ್ತುಮಾಡಿದ ಗಳಿಗೆಗೆ ಸರಿಯಾಗಿ ಚಕ್ರ ಹಾಯಿಸಬೇಕು. ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ತಪ್ಪನ್ನು ಸೆಕೆಂಡಿನ ನೂರನೇ ಪಾಲಿನಲ್ಲಿ ಅಳೆಯುತ್ತಾರೆ. ಚಾಲಕನದು ಕಾಲು ಒತ್ತುವ ಕೆಲಸ. ಯಾವಾಗ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಹೇಳುವುದು ಪಕ್ಕದ ಸೀಟು. ತೊಡೆಯ ಮೇಲೆ ದಾರಿಯ ಪುಸ್ತಕ, ಕೊರಳಲ್ಲಿ ಎರಡು ಸ್ಟಾಪ್‌ವಾಚು, ಬಾಯಲ್ಲಿ "ಐದು, ನಾಲ್ಕು, ಮೂರು, ಎರಡು, ಒಂದು, ಈಗ!"

ಮೊದಲ ವರ್ಷ ಆ ಸೀಟಿನಲ್ಲಿ ಕೂತವನು ಅತಿಲಿಯೊನ ತಮ್ಮ ಎಲ್ವಿಯೊ. ಗೆದ್ದ ಮರುವರ್ಷವೇ ಅವನು ದಕ್ಷಿಣದ ಎಣ್ಣೆಬಾವಿಗಳ ಕೆಲಸಕ್ಕೆ ಹೋಗಿಬಿಟ್ಟ. ಒಂದು ವರ್ಷ ಕುಪೆ ಶೆಡ್ಡು ಬಿಟ್ಟು ಕದಲಲಿಲ್ಲ. ಆಮೇಲೆ ಬೇರೆ ಗತಿಯಿಲ್ಲದೆ ಅತಿಲಿಯೊ ಹೆಂಡತಿಯನ್ನು ಕೂರಿಸಿಕೊಂಡ. ಅವಳು ಹದಿನಾಲ್ಕು ವರ್ಷ ಕೂತಳು. ಏಳು ಸಲ ಗೆದ್ದರು.

ಏಳೂ ಸಲ ಊರ ಚೌಕದಲ್ಲಿ ಮೈಕು ಹಿಡಿದು ಅತಿಲಿಯೊ ಹೇಳಿದ್ದು ಒಂದೇ ಮಾತು: "ಗೆದ್ದಿದ್ದನ್ನ ಮುಟ್ಬೇಡಿ ಹುಡುಗ್ರಾ, ಮುಟ್ಬೇಡಿ!" ಜನ ಹೋ ಎಂದು ನಗುತ್ತಿದ್ದರು. ನಿಲ್ದಾ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತಿರುತ್ತಿದ್ದಳು, ಮದುವೆಗೆ ಬಂದ ದೂರದ ನೆಂಟರ ಹಾಗೆ. ಒಂದೇ ಒಂದು ಸಲ ಅವನು ಆ ಟ್ರೋಫಿ ಎತ್ತಿ 'ಇದು ನಿಲ್ದಾಂದು' ಅನ್ನಲಿ ಎಂದು ಅವಳಿಗೆ ಆಸೆ. ದೊಡ್ಡ ಆಸೆಯೇನಲ್ಲ, ಎರಡು ಪದ. ಪ್ರತಿ ಅಕ್ಟೋಬರಿನಲ್ಲಿ ಕಾದಳು, ಬರಲಿಲ್ಲ.

ಅವಳು ಬರೀ ಕೂತು ಎಣಿಸಿದ್ದರೆ ಇಷ್ಟು ಆಸೆಪಡುತ್ತಿದ್ದಳೋ ಇಲ್ಲವೋ. ವಿಷಯ ಅದಕ್ಕಿಂತ ಹೆಚ್ಚಿನದಿತ್ತು.

ಅತಿಲಿಯೊ ಪ್ರತಿ ಜುಲೈಯಲ್ಲಿ ಗೆಳೆಯರನ್ನು ಕಟ್ಟಿಕೊಂಡು ಪರಾನಾ ನದಿಗೆ ಮೀನು ಹಿಡಿಯಲು ಒಂದು ವಾರ ಹೋಗುತ್ತಿದ್ದ. ಅವಳು ಪಕ್ಕದ ಸೀಟಿನ ನ್ಯಾವಿಗೇಟರ್ ಆದ ಮೊದಲ ವರ್ಷ ಆ ವಾರದಲ್ಲಿ ರಸ್ತೆ ಅಭ್ಯಾಸಕ್ಕೆಂದು ನಿಲ್ದಾ ಕುಪೆ ಹೊರತೆಗೆದಳು. ನಾಲ್ಕು ಬೀದಿ ದಾಟುವುದರೊಳಗೆ ಸುಟ್ಟ ಆಯಿಲ್ ವಾಸನೆ ಮೂಗಿಗೆ ಅಡರಿತು. ಸೀದಾ ಪೊಚೊ ಲುದ್ವೆನ್ಯನ ಗ್ಯಾರೇಜಿಗೆ ತಿರುಗಿಸಿದಳು. ಪೊಚೊ ಹಳೆಯ ಕುಪೆಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಕೈ ಹಚ್ಚದ ಮೆಕ್ಯಾನಿಕ್, ಅವಳನ್ನು ದೋನ್ಯಾ, ಅಂದರೆ ಅಮ್ಮಾವ್ರೇ, ಅಂತ ಕರೆಯುವವನು. ಬೆಲ್ಟಿನ ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ಅವಳ ಮುಂದೆ ಹಿಡಿದ.

"ನೋಡಿ ದೋನ್ಯಾ ನಿಲ್ದಾ. ಮೇಲಿನ ಸೀಲ್ ಸೋರಿ ಆಯಿಲೆಲ್ಲ ಬೆಲ್ಟು ಕುಡ್ಕೊಂಡಿದೆ. ರಬ್ಬರ್ ಉಬ್ಬಿದೆ, ಹಲ್ಲು ಅಲ್ಲಾಡ್ತಿದೆ. ನಮ್ಮಜ್ಜಿ ಬಾಯಿ ಇದಕ್ಕಿಂತ ವಾಸಿ."

"ಕಿತ್ಕೊಂಡ್ರೆ?"

"ವಾಲ್ವೂ ಪಿಸ್ಟನ್ನೂ ಗುದ್ದಾಡ್ಕೊಂಡು ಎಂಜಿನ್ ಚಟ್ನಿ. ಸಪಾಟು ರಸ್ತೇಲಾದ್ರೆ ಅಷ್ಟೇ. ಬೆಟ್ಟ ಇಳಿಯೋವಾಗ ಆದ್ರೆ ಕಾರು ಹಿಡಿತಕ್ಕೆ ಸಿಗಲ್ಲ, ತಿರುವಲ್ಲಿ..." ಪೊಚೊ ಮಾತು ಮುಗಿಸದೆ ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

ನಿಲ್ದಾ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ನದಿಯ ದಂಡೆಯಿಂದ ಅವನು ಅರಚಿದ್ದು ಪೊಚೊನಿಗೂ ಕೇಳಿಸಿತು. "ಮುಟ್ಟಿದ್ರೆ ನೋಡು! ಮುಚ್ಚಳ ಮುಚ್ಚಿ ಮನೆಗೆ ಹೋಗು ಮುದುಕಿ!"

ಅವಳು ಫೋನು ಬ್ಯಾಗಿಗೆ ಹಾಕಿಕೊಂಡಳು. "ಬದಲಾಯಿಸು ಪೊಚೊ. ಅವನಿಗೆ ಗೊತ್ತಾಗೋದು ಬೇಡ."

ಪೊಚೊ ಹೊಸ ಬೆಲ್ಟು ಹಾಕಿದ, ಹೊಸ ಸೀಲ್ ಹಾಕಿದ. ಆದರೆ ಹೊಸ ಕೆಲಸ ಹೊಸದಾಗಿಯೇ ಕಾಣುತ್ತದಲ್ಲ. ಇಬ್ಬರೂ ಕೂತು ಹಳೆಯ ಆಯಿಲಿಗೆ ರಸ್ತೆಯ ಧೂಳು ಕಲಸಿ, ಉಜ್ಜಿ ತೆಗೆದ ಕೊಳೆಯನ್ನೇ ಬೋಲ್ಟುಗಳ ತಲೆಗೆ, ಮುಚ್ಚಳದ ಅಂಚಿಗೆ ಮತ್ತೆ ಬಳಿದರು. ಎಂಜಿನ್ನಿನ ತಳದಲ್ಲಿ ಆಯಿಲ್ ಚೇಂಬರಿನ ಪ್ಯಾಕಿಂಗ್ ಕೂಡ ಸೋರುತ್ತಿತ್ತು. ಪೊಚೊ ಅದಕ್ಕೂ ಸ್ಪ್ಯಾನರ್ ಹಾಕಲು ಹೋದಾಗ ನಿಲ್ದಾ ತಡೆದಳು.

"ಅದು ಸೋರ್ಲಿ ಬಿಡು. ಇಲ್ದಿದ್ರೆ ರಟ್ಟಿನ ಮೇಲೆ ಏನು ಬೀಳುತ್ತೆ?"

"ಸೋರಿಕೆ ಕಾಪಾಡಿ ಅಂತ ಬಂದ ಗಿರಾಕಿ ನೀವೊಬ್ರೇ ನೋಡಿ" ಎಂದು ಪೊಚೊ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ಸೋರಿಕೆಯೂ ಹೇಳಿದ ಮಾತು ಕೇಳುವಂಥದ್ದಲ್ಲ. ಚಳಿ ಹೆಚ್ಚಾದರೆ ಎರಡೇ ಹನಿ. ಹಾಗಾಗಿ ಪಂದ್ಯದ ಬೆಳಗ್ಗೆ ನಿಲ್ದಾ ಗಂಡನಿಗಿಂತ ಹತ್ತು ನಿಮಿಷ ಮುಂಚೆ ಎದ್ದು, ಕಣ್ಣಿಗೆ ಔಷಧಿ ಬಿಡುವ ಫಿಲ್ಲರಿನಲ್ಲಿ ಆಯಿಲ್ ಹೀರಿ, ಕಡಿಮೆ ಬಿದ್ದ ಹನಿಯನ್ನು ತಾನೇ ರಟ್ಟಿನ ಮೇಲೆ ಬಿಡುತ್ತಿದ್ದಳು. ತ್ರಿಕೋನಮಿತಿ ಕಲಿಸಿದ ಹೆಂಗಸು ನೈಟಿಯಲ್ಲಿ ಕಾರಿನ ಕೆಳಗೆ ಬೋರಲು ಬಿದ್ದು ಗಂಡನ ಅದೃಷ್ಟ ತೊಟ್ಟಿಕ್ಕಿಸುವುದು! ಮೊದಮೊದಲು ಅವಳಿಗೂ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಜುಲೈಯಲ್ಲಿ ಬೆಲ್ಟು ಬದಲಾಯಿತು. ಮನೆಪಾಠದ ದುಡ್ಡಿನಲ್ಲಿ ಒಟ್ಟು ಐದು ಬೆಲ್ಟು ಹಾಕಿಸಿದಳು. ಅತಿಲಿಯೊ ಮಾತ್ರ ಕಂಡಕಂಡವರ ಮುಂದೆ ಬಾನೆಟ್ ತಟ್ಟಿ, ಕೊಂಡಾಗಿನ ಬೆಲ್ಟು, ಇವತ್ತಿಗೂ ಅಲ್ಲಾಡಿಲ್ಲ ಅನ್ನುತ್ತಿದ್ದ.

ಹೋದ ವರ್ಷ ಅವರು ಸೋತರು. ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ತಡ. ನಿಲ್ದಾ "ಈಗ" ಅಂದಿದ್ದು ಸರಿಯಾಗೇ ಇತ್ತು, ಅತಿಲಿಯೊನ ಕಾಲು ತಡವಾಯಿತು. ಎಪ್ಪತ್ತರ ಕಾಲು, ತಡವಾಗುತ್ತದೆ. ಅದನ್ನು ಒಪ್ಪಿಕೊಂಡಿದ್ದರೆ ಅವನು ಅತಿಲಿಯೊ ಆಗುತ್ತಿರಲಿಲ್ಲ. ಮೂರು ದಿನ ಊಟ ಬಿಟ್ಟು ಏನು ಬದಲಾಯಿತೆಂದು ಹುಡುಕಿದ. ಅಂಗಿ ಅದೇ, ಕಾಲುಚೀಲ ಅದೇ, ರಟ್ಟು ಅದೇ. ನಾಲ್ಕನೇ ದಿನ ಊಟದ ಮೇಜಿನಲ್ಲಿ ಹೆಂಡತಿಯನ್ನೇ ದಿಟ್ಟಿಸಿದ.

"ಕನ್ನಡಕ! ಕನ್ನಡಕ ಹೊಸದು!"

"ಕಣ್ಣಿನ ಪೊರೆ ತೆಗೆಸಿದ್ನಲ್ಲ ಆಗಸ್ಟ್‌ನಲ್ಲಿ. ಹಳೇದ್ರಲ್ಲಿ ವಾಚೇ ಕಾಣ್ತಿರ್ಲಿಲ್ಲ."

"ಕಾಣದೇ ಇದ್ದಾಗ ಗೆದ್ದಿದ್ವಲ್ಲ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಭಾನುವಾರ ಹಳೆ ಕಾರುಗಳ ಕ್ಲಬ್ಬಿನಲ್ಲಿ ಮಾಂಸ ಸುಡುವ ಕೆಂಡದ ಸುತ್ತ ನಿಂತು, ಕೈಯಲ್ಲಿ ಫೆರ್ನೆತ್ ಮದ್ಯದ ಲೋಟ ಹಿಡಿದು, ಅತಿಲಿಯೊ ನಗುತ್ತಲೇ ಅಂದುಬಿಟ್ಟ: "ಏನ್ ಮಾಡ್ಲಿ ಚೆ, ನಮ್ಮ ಮುದುಕಿ ಮೂಫಾ ಆಗ್ಬಿಟ್ಳು." ಚೆ ಅನ್ನುವುದು ಅಲ್ಲಿಯವರ 'ಕಣಯ್ಯಾ'; ಮೂಫಾ ಅಂದರೆ ಕಾಲಿಟ್ಟ ಕಡೆ ಹಾಳು ಮಾಡುವವಳು. ಆ ಪದ ಕಿವಿಗೆ ಬಿದ್ದರೆ ಅಲ್ಲಿಯ ಗಂಡಸರ ಎಡಗೈ ತಾನಾಗಿ ತೊಡೆಸಂದಿಗೆ ಹೋಗಿ, ಅಲ್ಲಿರುವುದನ್ನು ಮುಟ್ಟಿ ದೋಷ ಕಳೆದುಕೊಳ್ಳುತ್ತದೆ. ಸಲಾಡ್ ಬಟ್ಟಲು ಹಿಡಿದು ಬರುತ್ತಿದ್ದ ನಿಲ್ದಾ ಕಂಡದ್ದು ಅದನ್ನೇ: ಹತ್ತು ಹನ್ನೆರಡು ಗಂಡಸರು ಒಟ್ಟಿಗೆ ಪ್ಯಾಂಟು ಮುಟ್ಟಿಕೊಂಡು ಅವಳನ್ನು ನೋಡಿ ನಕ್ಕದ್ದು. ಅದರಲ್ಲಿ ಇಬ್ಬರು ಅವಳ ಹತ್ತಿರವೇ ಲೆಕ್ಕ ಕಲಿತವರು. ಅವಳು ಬಟ್ಟಲು ಮೇಜಿನ ಮೇಲಿಟ್ಟು, ಎಲ್ಲರಿಗೂ ಬಡಿಸಿ, ಮನೆಗೆ ಹೋದಳು.

ಮಾರ್ಚಿನಲ್ಲಿ ಅತಿಲಿಯೊ ಸುದ್ದಿ ಹೇಳಿದ. ಈ ಸಲ ಪಕ್ಕದ ಸೀಟಿಗೆ ಔಷಧಿ ಅಂಗಡಿಯ ವಾಲ್ತೆರ್.

"ನೀನು ಒಂದು ವರ್ಷ ಸುಧಾರಿಸ್ಕೋ. ಕಣ್ಣು ಬೇರೆ ಆಪರೇಶನ್ ಆಗಿದೆ."

"ಸುಧಾರಿಸ್ಕೊಳ್ಳೋಕೆ ನನಗೇನಾಗಿದೆ?"

"ಬೇಜಾರು ಮಾಡ್ಕೋಬೇಡ ಚೆ. ಇದು ನಿನ್ ಮೇಲಿನ ಸಿಟ್ಟಲ್ಲ, ಕಾಬಲ."

ಸಿಟ್ಟಾದರೂ ಆಗಿದ್ದರೆ ಅವಳು ಜಗಳ ಆಡಬಹುದಿತ್ತು. ಶಾಸ್ತ್ರದ ಜೊತೆ ಯಾರು ಜಗಳ ಆಡುತ್ತಾರೆ?

ಜೂನಿನಲ್ಲಿ ಪೊಚೊ ಅವಳನ್ನು ಬೇಕರಿಯ ಮುಂದೆ ಹಿಡಿದು ನಿಲ್ಲಿಸಿದ. ಹಿಂದಿನ ವಾರ ಅತಿಲಿಯೊ ಕಾರ್ಬ್ಯುರೇಟರ್ ತೋರಿಸಲು ಬಂದಿದ್ದನಂತೆ. "ಮೇಲಿನ ಸೀಲ್ ಮತ್ತೆ ಶುರುವಾಗಿದೆ ದೋನ್ಯಾ. ಬೆಲ್ಟಿಗೆ ಮೂರು ವರ್ಷ ಆಯ್ತು, ಅದರ ಜೊತೆ ಆಯಿಲ್ ಸ್ನಾನ ಬೇರೆ. ಈ ಸಲ ಜುಲೈ ತಪ್ಪಿಸ್ಬೇಡಿ. ಬೆಲ್ಟು ತರಿಸಿಟ್ಟಿದೀನಿ."

ನಿಲ್ದಾ ಮನೆಗೆ ಬಂದು, ಇದೊಂದು ಸಲ ಕದ್ದುಮುಚ್ಚಿ ಮಾಡುವುದು ಬೇಡ, ನೇರ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದಳು. ಗಂಡ ಟಿವಿ ಮುಂದೆ ಕೂತಿದ್ದ. ಟಿವಿ ಆರಿಸಿ ಎದುರು ಕೂತಳು.

"ಅತಿಲಿಯೊ, ಕುಪೆಯ ಬೆಲ್ಟು ಬದಲಾಯಿಸ್ಬೇಕು."

"ಕಾರು ಕೊಂಡಾಗಿಂದ, ಹದಿನೆಂಟು ವರ್ಷದಿಂದ ಅದೇ ಬೆಲ್ಟು..."

"ಅದೇ ಅಲ್ಲ. ಐದು ಸಲ ಬದಲಾಯಿಸಿದೀನಿ. ನಾನು, ಪೊಚೊ. ನೀನು ಮೀನು ಹಿಡಿಯೋಕೆ ಹೋದಾಗ."

ಅತಿಲಿಯೊ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಭಲೇ ಮುದುಕಿ! ಸೀಟು ಹೋಯ್ತು ಅಂತ ಇಂಥ ಕತೆ ಕಟ್ಟೋದಾ? ನನಗೆ ಹೆದರಿಕೆ ಹುಟ್ಸಿ ವಾಲ್ತೆರ್‌ನ ಓಡ್ಸೋ ಪ್ಲಾನಾ? ನನ್ ಎಂಜಿನ್ನು ನನಗೆ ಗೊತ್ತಿಲ್ವಾ? ಒಂದು ಬೋಲ್ಟ್ ತಿರುಗಿಸಿದ್ರೂ ನಾನು ಕಂಡುಹಿಡೀತೀನಿ."

ಐದು ಸಲ ತಿರುಗಿಸಿದ ಬೋಲ್ಟುಗಳ ಮೇಲೆ ಐದು ಸಲ ಕೊಳೆ ಬಳಿದವಳು ಅವಳು. ಅಷ್ಟು ಚೆನ್ನಾಗಿ ಬಳಿಯಬಾರದಿತ್ತು.

ಪೊಚೊನನ್ನು ಕೇಳು ಅಂದಳು. "ಪೊಚೊ ನಿನ್ ಚೇಲ" ಅಂದ. ಮರುದಿನ ಅವಳು ಔಷಧಿ ಅಂಗಡಿಗೂ ಹೋಗಿ ವಾಲ್ತೆರ್‌ಗೆ ಹೇಳಿದಳು, ಕುಪೆಯ ಬೆಲ್ಟು ಕಿತ್ತುಹೋಗುವ ಹಾಗಿದೆ, ಬೆಟ್ಟದಲ್ಲಿ ಜೀವಕ್ಕೆ ಅಪಾಯ ಎಂದು. ವಾಲ್ತೆರ್ ತಲೆಯಾಡಿಸುತ್ತ ಕೇಳಿದ. ಅವನ ಎಡಗೈ ಮಾತ್ರ ಕೌಂಟರಿನ ಕೆಳಗೆ ಇಳಿದದ್ದನ್ನು ಅವಳು ಗಮನಿಸಿದಳು. ಇನ್ನೇನು ಹೇಳುವುದು? ಕೆಮ್ಮಿನ ಮಾತ್ರೆ ಕೊಂಡು ಬಂದಳು.

ಜುಲೈ ಬಂತು, ಅತಿಲಿಯೊ ಗಾಳ ಹೊತ್ತು ನದಿಗೆ ಹೋದ. ಕುಪೆಯ ಬೀಗದ ಕೈ ಅಡಿಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಮೂರನೇ ದಿನ ಪೊಚೊ ತಾನೇ ಬಾಗಿಲಿಗೆ ಬಂದ.

"ಬರ್ಲಿಲ್ವಲ್ಲ ದೋನ್ಯಾ?"

"ಈ ಸಲ ಬೇಡ ಪೊಚೊ."

"ಬೇಡ ಅಂದ್ರೆ? ಅದ್ರಲ್ಲಿ ಇಬ್ರು ಕೂತಿರ್ತಾರೆ."

"ಇಬ್ರಿಗೂ ಹೇಳಿದೀನಿ. ಬಾಯಿಬಿಟ್ಟು ಹೇಳಿದೀನಿ. ಹದಿನಾಲ್ಕು ವರ್ಷ ಹೇಳದೆ ಮಾಡ್ದೆ, ಮೂಫಾ ಅನ್ನಿಸ್ಕೊಂಡೆ. ಈಗ ಹೇಳಿದೀನಿ, ಮಾಡಲ್ಲ."

ಪೊಚೊ ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ. "ನಿಮ್ದು ತಪ್ಪು ಅಂತೀನಿ" ಅಂದ. "ಆದ್ರೆ ನಾನೂ ನಿಮ್ ಜಾಗದಲ್ಲಿದ್ರೆ ಇದೇ ಮಾಡ್ತಿದ್ನೇನೋ."

ಅವನು ಹೋದ ಮೇಲೆ ನಿಲ್ದಾ ಎರಡು ಸಲ ಬೀಗದ ಕೈ ತೆಗೆದಳು, ಎರಡು ಸಲವೂ ಮೊಳೆಗೆ ಹಾಕಿದಳು. ಕೆಂಡದ ಸುತ್ತ ನಿಂತಿದ್ದ ಆ ಹನ್ನೆರಡು ಕೈಗಳು ನೆನಪಾಗುತ್ತಿದ್ದವು. ಹೌದು, ಅವಳಿಗೆ ಸೇಡಿನ ಆಸೆಯಿತ್ತು. ಎಂಜಿನ್ನು ಒಡೆಯಲಿ, ಅವನಿಗೆ ಬುದ್ಧಿ ಬರಲಿ, ಅವನೇ ಬಂದು ನೀನಿಲ್ಲದೆ ಆಗಲಿಲ್ಲ ಕಣೇ ಅನ್ನಲಿ. ಆದರೆ ಯಾರಿಗೂ ಏನೂ ಆಗದಿರಲಿ. ಹೀಗೆ ಅಳೆದು ತೂಗಿ ಶಾಪ ಹಾಕಲು ಬರುತ್ತದೆಯೇ? ಅತಿಲಿಯೊ ಮೀನು ಹಿಡಿದು ಬರುವ ಹೊತ್ತಿಗೆ ಬೆಲ್ಟು ಹಾಗೇ ಇತ್ತು.

ಅಕ್ಟೋಬರಿನ ಆ ಶನಿವಾರ ರಟ್ಟಿನ ಮೇಲೆ ತಾವಾಗಿಯೇ ಮೂರು ಹನಿ ಬಿದ್ದಿದ್ದವು. ಅತಿಲಿಯೊ ಸಿಳ್ಳೆ ಹಾಕುತ್ತ ಹೊರಟ. ನಿಲ್ದಾ ಮನೆಯಲ್ಲೇ ಉಳಿದಳು. ಈರುಳ್ಳಿ ಹೆಚ್ಚಿದಳು, ಬೇಡದಿದ್ದರೂ ಇನ್ನಷ್ಟು ಹೆಚ್ಚಿದಳು. ದಾರಿಯ ಪುಸ್ತಕ ಇಲ್ಲದಿದ್ದರೂ ಗಡಿಯಾರ ನೋಡಿ ಕುಪೆ ಎಲ್ಲಿದೆ ಎಂದು ಹೇಳಬಲ್ಲಳು. ಒಂಬತ್ತೂವರೆಗೆ ಏರುದಾರಿಯ ಕೊಪಿನಾ ಹಳ್ಳಿ ದಾಟಿರುತ್ತದೆ. ಹತ್ತಕ್ಕೆ ಬೆಟ್ಟದ ನೆತ್ತಿ. ಆಮೇಲೆ ಇಳಿಜಾರು. ಒಂಬತ್ತು ಐವತ್ತಕ್ಕೆ ಫೋನು ಬಂತು, ವಾಲ್ತೆರ್‌ದು.

"ದೋನ್ಯಾ, ಗಾಬರಿ ಆಗ್ಬೇಡಿ. ನಮಗೇನೂ ಆಗಿಲ್ಲ. ಹತ್ತೋವಾಗ ಟಪ್ ಅಂತ ಶಬ್ದ ಬಂತು, ಎಂಜಿನ್ ನಿಂತೋಯ್ತು."

"ಹತ್ತೋವಾಗ್ಲಾ? ಇಳಿಯೋವಾಗ್ಲಾ?"

"ಹತ್ತೋವಾಗ."

ನಿಲ್ದಾ ಕುರ್ಚಿಯ ಮೇಲೆ ಕೂತು, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಹತ್ತು ನಿಮಿಷ ತಡವಾಗಿದ್ದರೆ ಅವಳು ಇಬ್ಬರನ್ನು ಕೊಂದವಳಾಗುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು, ಅವಳಿಗೊಬ್ಬಳಿಗೇ ಪೂರ್ತಿ ಗೊತ್ತಿತ್ತು.

ಸೋಮವಾರ ಪೊಚೊನ ಗ್ಯಾರೇಜಿನಲ್ಲಿ ಸಾವಿನ ಮನೆಯ ಹಾಗೆ ಜನ ಸೇರಿದ್ದರು. ಕ್ಲಬ್ಬಿನವರೆಲ್ಲ ಬಂದಿದ್ದರು. ನಿಲ್ದಾ ಕಾರಿನ ಕಾಗದಪತ್ರ ತಂದುಕೊಡಲು ಬಂದವಳು ಬಾಗಿಲಲ್ಲೇ ನಿಂತಳು. ಒಳಗೆ ಅತಿಲಿಯೊ ಮಾತಾಡುತ್ತಿದ್ದ. ಎಂಜಿನ್ನು ಹೋದ ದುಃಖವೇನೂ ಅವನ ದನಿಯಲ್ಲಿ ಕಾಣಲಿಲ್ಲ.

"ಹದಿನೆಂಟು ವರ್ಷ ಚೆ! ಹದಿನೆಂಟು! ಯಾವ ಬೆಲ್ಟು ಇಷ್ಟು ಬಾಳುತ್ತೆ ಹೇಳಿ? ಇನ್ನೂ ಹತ್ತು ವರ್ಷ ಬರ್ತಿತ್ತು. ನಮ್ಮನೇಲಿ ಒಬ್ರು ಅದರ ಬಗ್ಗೆ ಬಾಯಿ ಹಾಕಿದ್ರು ನೋಡಿ, ದೃಷ್ಟಿ ತಾಗ್ತು."

ಗಂಡಸರ ಕೈಗಳು ಮತ್ತೆ ಕೆಳಗಿಳಿದವು. ಪೊಚೊ ಎಂಜಿನ್ನಿನೊಳಗಿಂದ ತಲೆ ಎತ್ತಿದ. ಅವನ ಕೈಯಲ್ಲಿ ಹಲ್ಲುದುರಿದ, ಎಣ್ಣೆಯಲ್ಲಿ ನೆನೆದ ಬೆಲ್ಟಿತ್ತು. ನಿಲ್ದಾ ಬೇಡ ಎಂದು ತಲೆಯಾಡಿಸಿದಳು. ಅವನು ನೋಡಿದರೂ ನೋಡದವನಂತೆ ಬೆಲ್ಟಿನ ಬೆನ್ನನ್ನು ಚಿಂದಿಯಿಂದ ಉಜ್ಜಿ ಅತಿಲಿಯೊನ ಮೂಗಿಗೆ ಹಿಡಿದ.

"ಓದಿ ದೋನ್ ಅತಿಲಿಯೊ. ಬಿಳಿ ಬಣ್ಣದಲ್ಲಿ ನಾನು ಬರೆದಿದ್ದು. ಜುಲೈ ಇಪ್ಪತ್ತೊಂದು ಅಂದ್ರೆ ಎರಡು ಸಾವಿರದ ಇಪ್ಪತ್ತೊಂದು. ಹದಿನೆಂಟು ವರ್ಷವಂತೆ!" ಹಿಂದಿನ ಗೋಡೆಯ ಮೊಳೆಯಿಂದ ಇನ್ನೊಂದಷ್ಟು ಹಳೆಯ ಬೆಲ್ಟು ಎಳೆದು ಒಂದೊಂದನ್ನೇ ಬಾನೆಟ್ ಮೇಲೆ ಎಸೆದ. "ಇದು ಹದಿನೆಂಟರದು. ಇದು ಹದಿನೈದು. ಇದು ಹನ್ನೆರಡು. ಇದು ಹತ್ತು. ಇದು ನೀವು ಕಾರು ತಗೊಂಡಾಗ ಇದ್ದಿದ್ದು, ಹತ್ತರಲ್ಲಿ ತೆಗ್ದಿದ್ದು. ನಿಮ್ಮನ್ನ ಗೆಲ್ಲಿಸಿದ್ದು ಆ ಬಾಗಿಲಲ್ಲಿ ನಿಂತಿರೋ ಹೆಂಗಸು. ಅವ್ರನ್ನ ಮೂಫಾ ಅಂತೀರಾ? ನಾಚ್ಕೆ ಆಗ್ಬೇಕು ನಿಮಗೆಲ್ಲ!"

ವಾಲ್ತೆರ್ ನೆಲ ನೋಡಿದ. ಅತಿಲಿಯೊ ಬೆಲ್ಟುಗಳ ಮೇಲಿನ ತಾರೀಖುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದ, ಎರಡನೇ ಸಲವೂ ಓದಿದ. ಆಮೇಲೆ ನಿಲ್ದಾಳ ಪಕ್ಕದಿಂದಲೇ, ಅವಳನ್ನು ನೋಡದೆ, ನಡೆದು ಹೋದ.

ನಿಲ್ದಾ ಹಿಂದೆಯೇ ಮನೆಗೆ ಬಂದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಬೈದರೂ ಬೈಯಲಿ, ಬೈದು ಮುಗಿಸಿದ ಮೇಲಾದರೂ ಒಂದು ಮಾತು ಬಂದೀತು ಎಂದು ಆಸೆಯನ್ನೂ ಇಟ್ಟುಕೊಂಡಿದ್ದಳು. ಸತ್ಯ ಈಗ ಊರಿಗೇ ಗೊತ್ತಾಗಿದೆ, ಇನ್ನು ಅವನು ತಪ್ಪಿಸಿಕೊಳ್ಳುವುದೆಲ್ಲಿಗೆ?

ಅತಿಲಿಯೊ ಹಾಲಿನಲ್ಲಿ ಟ್ರೋಫಿಗಳ ಕಪಾಟು ತೆರೆದು ನಿಂತಿದ್ದ. ಕಾಲ ಬಳಿ ವೈನ್ ಬಾಟಲಿಗಳ ಖಾಲಿ ಮರದ ಪೆಟ್ಟಿಗೆ.

"ಮೊದಲ್ನೇದು ಬಿಚ್ಚಿದ್ದು ಹತ್ತನೇ ಇಸವಿ ಜುಲೈನಾ?"

"ಹೌದು."

"ಹತ್ತನೇ ಇಸವಿ ನಾವು ಗೆದ್ದಿದ್ದು ಅಕ್ಟೋಬರ್." ಆ ವರ್ಷದ ಟ್ರೋಫಿ ತೆಗೆದು ಪೆಟ್ಟಿಗೆಗೆ ಹಾಕಿದ. "ರಟ್ಟು? ಅದ್ರಲ್ಲೇನಾದ್ರೂ ಮಾಡಿದೀಯಾ?"

ಇಷ್ಟಾದ ಮೇಲೆ ಸುಳ್ಳು ಯಾಕೆ? "ಕಡಿಮೆ ಬಿದ್ದ ದಿನ ನಾನೇ ಬಿಡ್ತಿದ್ದೆ. ಫಿಲ್ಲರಲ್ಲಿ."

ಬೆಲ್ಟಿಗಿಂತ ಅದೇ ಅವನನ್ನು ಹೆಚ್ಚು ಮುರಿಯಿತು ಅಂತ ಕಾಣುತ್ತದೆ. ಸೋಫಾದ ಕೈ ಹಿಡಿದು ನಿಧಾನ ಕೂತ.

"ನಿನಗೋಸ್ಕರ ಮಾಡಿದ್ದು" ಅಂದಳು ನಿಲ್ದಾ. "ನಿನಗೇನೂ ಆಗ್ಬಾರ್ದು ಅಂತ. ನೀನು ಗೆಲ್ಬೇಕು ಅಂತ."

"ನಾನು ಗೆಲ್ಲಲೇ ಇಲ್ವಲ್ಲ" ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ನನ್ ಅದೃಷ್ಟ ಅಂದ್ಕೊಂಡಿದ್ದೆ. ನನಗೆ ಅಂತ ಒಂದಿದೆ ಅಂದ್ಕೊಂಡಿದ್ದೆ."

ಮತ್ತೆ ಎದ್ದು ಉಳಿದವನ್ನೂ ತೆಗೆದ. ಎರಡನೆಯದು, ಮೂರನೆಯದು, ಏಳನೆಯದು. ತಳದಲ್ಲಿ ಕೆತ್ತಿದ ಇಸವಿ ನೋಡುವುದು, ಪೆಟ್ಟಿಗೆಗೆ ಹಾಕುವುದು. ಕಪಾಟಿನಲ್ಲಿ ಒಂದೇ ಉಳಿಯಿತು, ಎಲ್ವಿಯೊ ಪಕ್ಕದಲ್ಲಿ ಕೂತಿದ್ದಾಗ ಗೆದ್ದದ್ದು. ಅದನ್ನು ಅಂಗಿಯ ತೋಳಿನಿಂದ ಒರೆಸಿ ನಡುವಿಗೆ ಇಟ್ಟ. ಫೋನು ತೆಗೆದು ದಕ್ಷಿಣಕ್ಕೆ ಕರೆ ಮಾಡಿದ.

"ಎಲ್ವಿಯೊ? ನಾನು ಕಣೋ. ಏನಿಲ್ಲ, ಸುಮ್ನೆ. ಚೆ, ನಾವು ಗೆದ್ದಿದ್ದು ಒಂದೇ ಕಣೋ. ಹೌದು, ನಾನೂ ನೀನೂ. ಅದೊಂದೇ ನಿಜವಾದ್ದು."

ನಿಲ್ದಾ ಬಾಗಿಲಿಗೆ ಒರಗಿ ಕೇಳಿಸಿಕೊಂಡಳು. ಹದಿನಾಲ್ಕು ವರ್ಷ ಆ ಮನುಷ್ಯನ ಪಕ್ಕದಲ್ಲಿ ಕೂತು, ಅವನ ಉಸಿರಿಗೆ ಉಸಿರು ಸೇರಿಸಿ ಸೆಕೆಂಡು ಎಣಿಸಿದವಳು. ಅಷ್ಟನ್ನೂ ಅವನು ಒಂದು ಪೆಟ್ಟಿಗೆಗೆ ತುಂಬಿ ಮುಗಿಸಿದ್ದ.

"ಇವನ್ನೇನು ಮಾಡೋದು?" ಎಂದು ಪೆಟ್ಟಿಗೆ ತೋರಿಸಿ ಕೇಳಿದಳು.

ಅತಿಲಿಯೊ ಫೋನಿನ ಮೇಲೆ ಅಂಗೈ ಮುಚ್ಚಿ ಆ ಕಡೆ ನೋಡಿದ. "ಅವಾ? ನಿಂದೇ ಅವು. ಏಳೂ ನಿಂದೇ. ತಗೊಂಡು ಹೋಗು, ಎಲ್ಲಾದ್ರೂ ಹಾಕು" ಎಂದು ಹೇಳಿ ಮತ್ತೆ ತಮ್ಮನ ಜೊತೆ ಮಾತಿಗೆ ತೊಡಗಿದ.

ಕೊನೆಗೂ ಹೇಳಿದ್ದ. ನಿಲ್ದಾ ಬಗ್ಗಿ ಪೆಟ್ಟಿಗೆ ಎತ್ತಲು ನೋಡಿದಳು, ಆಗಲಿಲ್ಲ. ಅವನು ಬೆನ್ನು ತಿರುಗಿಸಿಕೊಂಡು ಎಲ್ವಿಯೊನ ಮಾತಿಗೆ ನಗುತ್ತಿದ್ದ, ಕೈ ಹಚ್ಚಲು ಬರಲಿಲ್ಲ. ಅವಳು ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದುಕೊಂಡು ಅಡಿಗೆಮನೆಯ ಕಡೆ ಹೊರಟಳು.